ಖಾಲಿ ಕೊಡದ ಸಪ್ಪಳ

ಬಿಳಿಗುಂಡನಹಳ್ಳಿ,
ಕೂಡ್ಲಿಗಿ ತಾಲ್ಲೂಕು.
೧೮ ಮಾರ್ಚ್ ೨೦೨೪, ಸೋಮವಾರ

ಮಗಳೇ ರೇಣುಕಾ,

ಕೊಟ್ಟೂರೇಶನ ದಯದಿಂದ ನಾನೂ ನಿನ್ನವ್ವನೂ ಇದ್ದೇವೆ. ಚೆನ್ನಾಗಿದ್ದೇವೆ ಅಂತ ಬರೆಯಲು ಹೋದೆ, ಪೆನ್ನು ಮುಂದೆ ಸರಿಯಲಿಲ್ಲ. ಇದ್ದೇವೆ ಅಂತಷ್ಟೇ ತಿಳಿದುಕೋ. ಹರಪನಹಳ್ಳಿಯಲ್ಲಿ ನೀನು ಕ್ಷೇಮ ಅಂತ ನಂಬಿದ್ದೇನೆ. ಪರೀಕ್ಷೆಯ ಕಾಲ, ಶಾಲೆಯಲ್ಲಿ ನಿಂತೂ ನಿಂತೂ ಮೊಣಕಾಲು ಬಾತಿರುತ್ತವೆ. ರಾತ್ರಿ ಬಿಸಿ ಉಪ್ಪಿನ ಗಂಟು ಇಟ್ಟುಕೋ ಅಂತ ನಿನ್ನವ್ವ ಒಲೆ ಮುಂದಿನಿಂದಲೇ ಕೂಗಿ ಬರೆಸುತ್ತಿದ್ದಾಳೆ.

ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಸೇಟ್ರು ತೀರಿಕೊಂಡ ದಿನವೇ ಬರೆಯಲು ಕೂತೆ, ಹರಿದೆ. ಮರುದಿನ ಕೂತೆ, ಮತ್ತೆ ಹರಿದೆ. ಫೋನು ಕೈಗೆತ್ತಿಕೊಂಡರೆ ನಿನ್ನ ಮಾತು ನೆನಪಾಗುತ್ತಿತ್ತು: "ಅಪ್ಪಾ, ಫೋನಿನಾಗ ನೀ ಮಾತಾಡೂದಿಲ್ಲ, ಪಾರ್ಟು ಮಾಡ್ತಿ. ಹೇಳೂದಿದ್ರ ಕಾಗದದಾಗ ಬರಿ. ಕಾಗದಕ್ಕ ದನಿ ಇರೂದಿಲ್ಲ." ಇರಲಿ ತಾಯಿ. ನಾಟಕದಲ್ಲಿ ಮೈಕಿಲ್ಲದೆ ಕಟ್ಟಕಡೆಯ ಸಾಲಿನ ಕುರುಡಜ್ಜನಿಗೂ ಮುಟ್ಟಿಸುತ್ತಿದ್ದ ಗಂಟಲು ನನ್ನದು. ಇವತ್ತು ಅದನ್ನು ಗೂಟಕ್ಕೆ ನೇತುಹಾಕಿ ಕೂತಿದ್ದೇನೆ. ಕಾಗದದಲ್ಲೂ ಒಮ್ಮೊಮ್ಮೆ ಮೇಲಿನ ಪಟ್ಟಿಗೆ ಹೋದರೆ ಹೊಟ್ಟೆಗೆ ಹಾಕಿಕೋ, ಹುಟ್ಟು ಗುಣ.

ಕೇಶವಜಿ ಸೇಟ್ರು ಹೋದರು. ಹೇಗೆ ಹೋದರು ಅಂತ ಬೇರೆಯವರ ಬಾಯಿಂದ ನೀನು ಕೇಳಬಾರದು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ, ಸಹನೆಯಿಂದ ಓದು.

ಮೊದಲನೇ ಅಂಕ ನಾನೂ ಕಂಡದ್ದಲ್ಲ. ನಿನ್ನಜ್ಜ ಹನುಮಣ್ಣ ಕೊಟ್ಟೂರಿನ ಶೇಂಗಾ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ, ಅವನು ಹೇಳಿದ್ದು. ಕೊಟ್ಟೂರು ಸ್ಟೇಷನ್ನಿನಲ್ಲಿ ಒಂದು ಮಧ್ಯಾಹ್ನ ರೈಲಿನಿಂದ ಒಬ್ಬ ಹುಡುಗ ಇಳಿದ. ಮೀಸೆ ಮೂಡದ ಮುಖ, ತಲೆಗೆ ಕೆಂಪು ರುಮಾಲು, ಬಗಲಲ್ಲಿ ಗಂಟು. ಬಂದದ್ದು ಎಲ್ಲಿಂದ? ಕಛ್ ದೇಶದಿಂದ! ಅಲ್ಲಿ ನೆಲ ಬಿರಿದು, ದನ ಸತ್ತು, ನೀರು ತರಲು ಹೋದ ತಾಯಿ ದಾರಿಯಲ್ಲೇ ಬಿದ್ದು ಸತ್ತಮೇಲೆ, ಮಂಡಿ ಇಟ್ಟಿದ್ದ ಸೋದರಮಾವನನ್ನು ಹುಡುಕಿಕೊಂಡು ಬಂದಿದ್ದ. ಸ್ಟೇಷನ್ನಿನ ನಲ್ಲಿಯಲ್ಲಿ ಹೊಟ್ಟೆ ತುಂಬ ಕುಡಿದು, ನಲ್ಲಿ ಭದ್ರ ಮಾಡಿ, ಮತ್ತೆ ತಿರುಗಿ ಬಂದು ತೊಟ್ಟಿಕ್ಕುತ್ತದೆಯೋ ಅಂತ ನೋಡಿದನಂತೆ. ಹಮಾಲರು ಕೈ ತೊಳೆದ ನೀರನ್ನು ಚೆಲ್ಲಿದರೆ ಕಣ್ಣಲ್ಲಿ ನೀರು ತರುತ್ತಿದ್ದನಂತೆ. "ಹುಚ್ಚ ಹುಡುಗ ಬಂದಾನಲೇ ಮಂಡಿಗೆ" ಅಂತ ನಿನ್ನಜ್ಜ ನಗುತ್ತಿದ್ದ.

ಆ ಹುಚ್ಚ ಹುಡುಗ ಬೆಳೆದ. ಮಂಡಿ ಅವನದಾಯಿತು, ಆಮೇಲೆ ಎಣ್ಣೆ ಗಿರಣಿ. ಹಗರಿಬೊಮ್ಮನಹಳ್ಳಿಯ ಸಂತೆಯಿಂದ ಹಡಗಲಿಯ ಹೊಳೆದಂಡೆಯವರೆಗೆ ಶೇಂಗಾ ಬೆಳೆದವರ ಬಂಡಿಯೆಲ್ಲ ಅವನ ಅಂಗಳಕ್ಕೇ! ಸೇಟ್ರ ಹೆಂಡತಿಯಾಗಿ ಬಂದ ಮಣಿಬೆನ್ ತಾಯಿಗೆ ಗಿರಣಿಯ ವಾಸನೆ ಆಗಿಬರಲಿಲ್ಲ. ನಮ್ಮೂರಿನ ಬೇವಿನ ತೋಪು ನೋಡಿ ಇಲ್ಲೇ ಇರೋಣ ಅಂದಳು. ಇದ್ದಳು, ಮಕ್ಕಳಾಗಲಿಲ್ಲ, ಇಲ್ಲೇ ಮಣ್ಣಾದಳು. ಸೇಟ್ರ ಕಡೆಯವರು ಬಂದು "ನಡಿ, ನಮ್ಮ ದೇಶಕ್ಕ ಹೋಗೂಣು" ಅಂದರೆ, "ಇದ ನನ್ನ ದೇಶ. ಇಲ್ಲಿ ನನಗ ನೀರು ಕೊಟ್ಟಾರ" ಅಂದರು. ಹೆಂಡತಿಯ ಹೆಸರಲ್ಲಿ ಶಾಲೆ ಕಟ್ಟಿಸಿದರು, ಹೆರಿಗೆ ಕೋಣೆ ಕಟ್ಟಿಸಿದರು, ನನ್ನಂಥ ಬಣ್ಣಗೇಡಿಗಳಿಗೆ ರಂಗಮಂದಿರ ಕಟ್ಟಿಸಿದರು. ಕಡೆಗೆ ಬೋರು ಹಾಕಿಸಿದರು.

ಬೋರಿನ ಮೊದಲು ನಾವು ಕುಡಿಯುತ್ತಿದ್ದುದು ಮೆಟ್ಟಿಲು ಬಾವಿಯ ನೀರು. ನಾರುಹುಣ್ಣು ಆಗದ ಮನೆ ಇರಲಿಲ್ಲ. ಕಾಲಿನಿಂದ ದಾರದಂತೆ ಹೊರಬರುವ ಹುಳವನ್ನು ಕಡ್ಡಿಗೆ ಸುತ್ತಿಕೊಂಡು ಕೂತಿರುತ್ತಿದ್ದರು ಜನ. ಆಗ ಸೇಟ್ರು ಪಾತಾಳದವರೆಗೆ ಕೊರೆಸಿದರು. ಬಂತಲ್ಲ ಗಂಗೆ! ಗಾಜಿನಂಥ ನೀರು! ಅವತ್ತು ನಾನು ಜಟೆ ಕಟ್ಟಿ, ಮೈಗೆ ನೀಲಿ ಬಳಿದುಕೊಂಡು ಶಿವನ ವೇಷದಲ್ಲಿ ನಿಂತಿದ್ದೆ. ಪೈಪಿನಿಂದ ಚಿಮ್ಮಿದ ನೀರು ನೆತ್ತಿಗೆ ಬಿದ್ದು ಬಣ್ಣವೆಲ್ಲ ಇಳಿದು, ಊರ ಮುಂದೆ ಬರೀ ಬೆನಕಪ್ಪನಾಗಿ ನಿಂತುಬಿಟ್ಟೆ. ಜನ ಬಿದ್ದು ಬಿದ್ದು ನಕ್ಕರು. ಅದೇ ವಾರ ನೀನು ಹುಟ್ಟಿದೆ.

ಬಾಣಂತಿ ಹೊರಗೆ ಬಂದ ದಿನ ಗಂಗಿ ಪೂಜೆ ಮಾಡಿ ನೀರು ತರಬೇಕಲ್ಲ, ನಿನ್ನವ್ವ ನಿನ್ನನ್ನೆತ್ತಿಕೊಂಡು ಮೆಟ್ಟಿಲು ಬಾವಿಗೆ ಹೋಗದೆ ಬೋರಿಗೆ ಹೋದಳು. ಸೇಟ್ರು ಕೊಟ್ಟೂರಿನ ಪಾತ್ರೆ ಅಂಗಡಿಯಿಂದ ತಾಮ್ರದ ತಂಬಿಗೆ ತರಿಸಿ, ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ನಿನ್ನ ಹೆಸರು ಹೊಡೆಸಿದ್ದರು. ಅದರಲ್ಲಿ ನೀರು ಹಿಡಿದು ನಿನ್ನ ನಾಲಿಗೆಗೆ ಮುಟ್ಟಿಸಿದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಹುಟ್ಟಿದ ಪ್ರತಿ ಕೂಸಿಗೂ ಹೆಸರಿನ ತಂಬಿಗೆ, ಬೋರಿನ ನೀರು. ಮಕ್ಕಳಿಲ್ಲದ ಮನುಷ್ಯ ಊರಿನ ಮಕ್ಕಳನ್ನೆಲ್ಲ ಹಾಗೆ ಬರೆಸಿಕೊಂಡರು. ನಿನ್ನದು ಮೊದಲನೇ ತಂಬಿಗೆ.

ನಾರುಹುಣ್ಣು ಹೋಯಿತು. ಮುಂದಿನದು ನಿನ್ನ ಮೈಯಲ್ಲೇ ಇದೆ, ನಾನೇನು ಬರೆಯಲಿ. ಮೊದಲು ಹಲ್ಲು ಕಂದಿದವು. "ಬಿಳಿಗುಂಡನಹಳ್ಳಿ ಹಲ್ಲು" ಅಂತ ಸುತ್ತಿನ ಊರಿನವರು ಆಡಿಕೊಂಡರೆ ನಾವೂ ನಗುತ್ತಿದ್ದೆವು. ಬೇರೆ ಊರಿಂದ ಬಂದ ಸೊಸೆಯನ್ನು ಬಿಳಿ ಹಲ್ಲಿನಿಂದಲೇ ಗುರುತು ಹಿಡಿಯುತ್ತಿದ್ದೆವು. ಆಮೇಲೆ ಮಕ್ಕಳ ಮೊಣಕಾಲು ಒಳಕ್ಕೆ ಬಾಗಿದವು, ದೊಡ್ಡವರ ಬೆನ್ನು ಬಗ್ಗಿತು. ಯಾರೂ ನೀರಿನ ಮೇಲೆ ಅನುಮಾನ ಪಡಲಿಲ್ಲ. ಅಷ್ಟು ತಿಳಿಯಾದ ನೀರು, ಅಷ್ಟು ಒಳ್ಳೆಯ ಮನುಷ್ಯ ಕೊಟ್ಟದ್ದು! ಡಾಕ್ಟರರ ತಂಡ ಬಂದು ಪರೀಕ್ಷೆ ಮಾಡಿ, ಫ್ಲೋರೈಡು ಅಂತ ಹೇಳಿ, ಬೋರಿಗೆ ಕೆಂಪು ಬಣ್ಣ ಬಳಿದು 'ಕುಡಿಯಲು ಯೋಗ್ಯವಲ್ಲ' ಅಂತ ಬರೆದು ಹೋದ ಹೊತ್ತಿಗೆ ನಿನ್ನ ಕೈಗೆ ಕೋಲು ಬಂದಿತ್ತು.

ಆ ಹೊತ್ತಿಗೆ ಸೇಟ್ರ ಎರಡೂ ಕಣ್ಣು ಹೋಗಿದ್ದವು. ಕೆಂಪು ಬಣ್ಣ ಅವರು ನೋಡಲಿಲ್ಲ. ಹೇಳುವುದು ಹೇಗೆ ಅಂತ ರಂಗಮಂದಿರದಲ್ಲಿ ಊರು ಸೇರಿತು. "ಹೇಳಬ್ಯಾಡ್ರಿ, ಎದಿ ಒಡಕೊಂತಾರ" ಅಂದರು ಹೆಂಗಸರು. ಹುಲುಗಪ್ಪ ಒಬ್ಬನೇ, ಮಗನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಡುವವನು, ಎದ್ದು ನಿಂತು, "ನಮ್ಮ ಮಕ್ಕಳ ಕಾಲು ಒಡದಾವಲ್ರಿ, ಅದಕ್ಕೇನಂತೀರಿ?" ಅಂದ. ಕಡೆಗೆ ಹೇಳುವುದು ಬೇಡ ಅಂತಲೇ ಆಯಿತು. ಹಾಗೆ ಶುರುವಾಯಿತು ನೋಡು ಊರಿಗೆ ಊರೇ ಪಾತ್ರಧಾರಿಯಾದ ನಾಟಕ. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕ ಬಂತು, ಸೇಟ್ರ ಮನೆಗೂ ಗುಟ್ಟಾಗಿ ಅದೇ ನೀರು. ಆದರೂ ದಿನಾ ಬೆಳಿಗ್ಗೆ ನೀರಗಂಟಿ ಮೌನೇಶ ಬೋರಿನ ಮೋಟಾರು ಹಾಕುತ್ತಿದ್ದ, ಸೇಟ್ರಿಗೆ ಕೇಳಿಸಲಿ ಅಂತ. ನೀರು ಚರಂಡಿಗೆ ಹರಿಯುತ್ತಿತ್ತು. ಹೆಂಗಸರು ಕೊಡ ಹಿಡಿದು ಅವರ ಬಾಗಿಲ ಮುಂದೆ ಹಾದುಹೋಗುತ್ತಿದ್ದರು, ಬಳೆ ಸದ್ದು ಮಾಡುತ್ತ, "ಸೇಟ್ರ, ನೀರು ಸಕ್ಕರಿ ಆಗೈತ್ರಿ" ಅನ್ನುತ್ತ. ಕಟ್ಟೆಯ ಮೇಲೆ ಕೂತ ಸೇಟ್ರು ತಲೆಯಾಡಿಸುತ್ತಿದ್ದರು. ಅವರ ಕುತ್ತಿಗೆಯೂ ಆಗಲೇ ಗಟ್ಟಿಯಾಗಿ, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು. ಅವರೂ ಕುಡಿದದ್ದು ಅದೇ ನೀರಲ್ಲವೇ.

ಈಗ ಕಡೆಯ ಅಂಕಕ್ಕೆ ಬರುತ್ತೇನೆ.

ಶಿವರಾತ್ರಿಯ ಮುಂಚೆ ಸೇಟ್ರು ಹಾಸಿಗೆ ಹಿಡಿದರು. ಅನ್ನ ಬಿಟ್ಟರು. ನನ್ನನ್ನು ಕರೆಸಿ ಕೈ ಹಿಡಿದು ಹೇಳಿದರು: "ಬೆನಕಾ, ನನಗ ಮಗ ಇಲ್ಲ, ಮಗಳಿಲ್ಲ. ಕಡೀಕ ಬಾಯಿಗೆ ನೀರು ಬಿಡೋರು ಬೇಕಲ್ಲೋ ಭಾಯಿ. ಮೊದಲನೇ ತಂಬಿಗಿಯಾಕಿನ್ನ ಕರಸು. ಅಕಿ ಬಿಟ್ರ ಕುಡೀತೀನಿ. ಬ್ಯಾರೆ ಯಾರ ಕೈಯಾಂದೂ ಬ್ಯಾಡ."

ಕಡೆಯ ಗುಟುಕು ಸಿಗದೆ ಹೋದ ಜೀವ ಬಾಯಾರಿಕೊಂಡು ಅಲೆಯುತ್ತದೆ ಅನ್ನುತ್ತಾರೆ ನಮ್ಮಲ್ಲಿ. ಬಾಯಾರಿಕೆಗೆ ಹೆದರಿ ದೇಶ ಬಿಟ್ಟು ಬಂದ ಮನುಷ್ಯ! ಅದಕ್ಕೇ ನಿನಗೆ ಫೋನು ಮಾಡಿದ್ದು. ನೀನು "ಯಾವ ನೀರು ಬಿಡ್ಲಿ ಅಪ್ಪಾ? ನಾ ಕುಡದದ್ದನ್ನ?" ಅಂದೆ. ನಾನು ಏನೇನೋ ಹೇಳಿದೆ, ದನಿ ಏರಿಸಿದೆ, ಕಣ್ಣೀರು ಹಾಕಿದೆ ಕೂಡ. "ನಾ ಬರೂದಿಲ್ಲ" ಅಂದು ನೀನು ಫೋನು ಇಟ್ಟುಬಿಟ್ಟೆ. ಮಗಳೇ, ನಿನ್ನ ಮೇಲೆ ಅಸಮಾಧಾನವಿಲ್ಲ. ಎರಡು ಸಲ ಗಂಡು ಬಂದು, ಚಹಾ ಕುಡಿದು, ನೀನು ಎದ್ದು ನಡೆದದ್ದನ್ನು ನೋಡಿ ಚಪ್ಪಲಿ ಮೆಟ್ಟಿದ್ದನ್ನು ಕಂಡವನು ನಾನು.

ಸೇಟ್ರ ಉಸಿರು ಮೇಲಾಯಿತು. ಅವರ ಪಡಸಾಲೆಯಲ್ಲಿ ಊರು ನೆರೆದಿತ್ತು. ಹುಲುಗಪ್ಪ ಬಾಗಿಲಲ್ಲಿ ನಿಂತು, "ಬೋರಿಂದ ಹಿಡಕೊಂಡು ಬರ್ರಿ. ಕೊಟ್ಟಾಂವ ಇನ್ನೊಂದು ಸಲ ರುಚಿ ನೋಡ್ಲಿ" ಅಂದ.

ನಿನ್ನವ್ವ ಬಗ್ಗಿದ ಬೆನ್ನಿನಲ್ಲೇ ತಿರುಗಿ ನಿಂತಳು. "ಹುಲುಗಾ, ಸಾಯೋರ ಮ್ಯಾಲ ಸೇಡು ತೀರಿಸ್ಕೊಂತಾರೇನೋ? ನಿನ್ನ ಮಗ ಹುಟ್ಟಿದಾಗ ಹೆರಿಗಿ ಕ್ವಾಣಿ ಯಾರದಿತ್ತು?"

"ಅದಕ್ಕ ದೇವಿ ಜಂಬಕ್ಕನ ಆಣಿ ಮಾಡಿ ಹೇಳ್ತೀನಿ, ಬಯ್ಯಾಕ ಬಾಯಿ ಬರೂದಿಲ್ಲ, ಅಳಾಕ ಕಣ್ಣು ಬರೂದಿಲ್ಲ," ಅಂದ ಹುಲುಗಪ್ಪ, ಅಲ್ಲೇ ಕುಸಿದು ಕೂತ.

ಆಗ ನನಗೆ ಹೊಳೆಯಿತು. ಕಣ್ಣಿಲ್ಲದವರಿಗೆ ಪಾತ್ರ ಬದಲಾದರೆ ಗೊತ್ತಾಗುತ್ತದೆಯೇ? ಮೌನೇಶನ ಹೆಂಡತಿ ಪುಷ್ಪಲತಾ ನಿನ್ನ ವಾರಿಗೆಯವಳು, ಹಡಗಲಿಯಿಂದ ಬಂದ ಬಿಳಿ ಹಲ್ಲಿನ ಸೊಸೆ, ದನಿಯೂ ಸುಮಾರು ನಿನ್ನಂಥದೇ. ಮನೆಯಿಂದ ನಿನ್ನ ತಂಬಿಗೆ ತರಿಸಿ, ಘಟಕದ ನೀರು ತುಂಬಿಸಿ ಅವಳ ಕೈಗೆ ಕೊಟ್ಟೆ. "ಮಾವ, ಪಾಪ ಬರ್ತೈತ್ರಿ" ಅಂದಳು. "ಪುಣ್ಯ ಬರ್ತೈತಿ, ನಡಿಯವ್ವ" ಅಂದೆ. ಬಾಗಿಲ ಆಚೆಯಿಂದ ಅವಳನ್ನು ನಡೆಸಿಕೊಂಡು ಬಂದೆ. ಪಡಸಾಲೆಯಲ್ಲಿ ಅವಳ ಕಾಲುಂಗುರದ ಸದ್ದು ಬಿಟ್ಟು ಬೇರೆ ಸದ್ದಿಲ್ಲ.

"ಸೇಟಜ್ಜ, ನಾ ರೇಣುಕಾ ಬಂದೀನಿ" ಅಂದಳು, ನಾನು ಹೇಳಿಕೊಟ್ಟಂತೆ.

ಸೇಟ್ರು ನಕ್ಕರು. ಒಣಗಿದ ತುಟಿ ಸೀಳಿ ರಕ್ತ ಬಂತು. "ಬೆನಕಾ, ಈ ಕೂಸು ನೆಟ್ಟಗ ನಡೀತೈತಲ್ಲೋ. ಇಕಿ ನನ್ನ ನೀರು ಕುಡದಾಕಿ ಅಲ್ಲ."

ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ನೀನು ನೌಕರಿ ಸಿಕ್ಕಾಗ ಅವರ ಆಶೀರ್ವಾದಕ್ಕೆ ಹೋಗಿದ್ದೆಯಲ್ಲ, ಆಗ ಆಲಿಸಿದ್ದರಂತೆ ನಿನ್ನ ನಡಿಗೆಯನ್ನು. ಒಂದು ಹೆಜ್ಜೆ, ಒಂದು ಕೋಲು, ಆಮೇಲೆ ಎಳೆಯುವ ಕಾಲು. ನೀನು ಹೇಳಲಿಲ್ಲ, ಅವರು ಕೇಳಲಿಲ್ಲ.

"ಇಡೀ ಊರಿನ ಹೆಜ್ಜಿ ಸಪ್ಪಳ ಕೆಟ್ಟೈತಿ ಅಂಬೂದು ಕಟ್ಟಿಮ್ಯಾಲ ಕುಂತಾಂವಗ ಗೊತ್ತಾಗೂದಿಲ್ಲೇನು?" ಅಂದರು ನಿಧಾನ, ಉಸಿರು ಹುಡುಕಿಕೊಳ್ಳುತ್ತ. "ಮುಂಜಾನಿ ಮೋಟಾರ್ ಹಾಕ್ತಿದ್ರಿ. ಕೊಡ ಹಿಡಕೊಂಡು ಹೋಗ್ತಿದ್ರಿ. ಹೋಗೂ ಮುಂದೂ ಖಾಲಿ, ಬರೂ ಮುಂದೂ ಖಾಲಿ. ಖಾಲಿ ಕೊಡದ ಸಪ್ಪಳ ಕೇಳಿಕೋಂತನ ಬೆಳದಾಂವ ನಾನು. ನನಗ ಅದು ತಿಳೀದೇನು?"

"ಮತ್ತ ಯಾಕ ಸುಮ್ನಿದ್ರಿ ಸೇಟ್ರ?" ಅಂದ ಬಾಗಿಲಲ್ಲಿ ಕೂತ ಹುಲುಗಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನನ್ನ ಸಲುವಾಗಿ ಎಲ್ಲಾರೂ ಅಷ್ಟು ಚಂದ ನಾಟಕ ಮಾಡಾಕತ್ತಿದ್ರಿ. ನಡುವ ಎದ್ದು ಹ್ಯಾಂಗ ಹೋಗ್ಲಿ?" ಅಂದರು. ಆಮೇಲೆ, "ರೇಣುಕಾ ಬರೂದಿಲ್ಲಂದ್ಲು, ಹೌದಿಲ್ಲೋ? ಚಲೋ ಮಾಡಿದ್ಲು. ಅಕಿ ಬಂದು ಬೋರಿನ ನೀರ ಬಿಟ್ಟಿದ್ರೂ ಕುಡೀತಿದ್ದೆ. ಯಾವುದು ಬಿಟ್ರೂ ಕುಡೀತಿದ್ದೆ" ಅಂದು ಬಾಯಿ ಮುಚ್ಚಿದರು. ಮುಚ್ಚಿದ ಬಾಯಿಗೆ ನಿನ್ನವ್ವ ಒದ್ದೆ ಬಟ್ಟೆ ಒತ್ತಿದಳು, ಅವರು ಬಾಯಿ ತೆಗೆಯಲಿಲ್ಲ.

ತುಸು ಹೊತ್ತಾಯಿತು. ಹೊರಗೆ ಮಟಮಟ ಮಧ್ಯಾಹ್ನ, ಬೇವಿನ ಎಲೆ ಕೂಡ ಅಲುಗುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಆ ಕುತ್ತಿಗೆ ತಿರುಗದ ಮನುಷ್ಯ ಇಡೀ ಮೈ ಹೊರಳಿಸಿ ಬಾಗಿಲ ಕಡೆಗಾದರು. ಕೈ ಎತ್ತಿ, "ಶ್... ಸುಮ್ನಿರ್ರಿ. ಬಂದ್ಲು" ಅಂದರು. ಬಾಯಿ ತೆರೆದರು.

ನನಗೆ ಜೀವ ಬಂದಂತಾಯಿತು. ಅವರ ಮನಸ್ಸು ಕರಗಿತು, ಪುಷ್ಪಲತಾಳನ್ನೇ ರೇಣುಕಾ ಅಂತ ಒಪ್ಪಿಕೊಂಡರು ಅಂದುಕೊಂಡೆ. ಈ ಕ್ಷಣ ತಪ್ಪಬಾರದು ಅಂತ ಎದೆಯಲ್ಲಿದ್ದ ಉಸಿರನ್ನೆಲ್ಲ ದನಿ ಮಾಡಿ ಕೂಗಿದೆ: "ಹೌದ್ರೀ ಸೇಟ್ರ! ರೇಣುಕಾ ಬಂದಾಳ! ನಿಮ್ಮ ಎದುರಿಗೇ ನಿಂತಾಳ! ನೀರು ಬಿಡ್ತಾಳ, ಬಾಯಿ ತೆಗೀರಿ!" ಆ ಕೂಗಿಗೆ ತೊಲೆಯ ಮೇಲಿನ ಗುಬ್ಬಿ ಹಾರಿತು ಅಂತಾರೆ. ಪುಷ್ಪಲತಾ ತಂಬಿಗೆ ಬಗ್ಗಿಸಿದಳು. ಸೇಟ್ರು ತುಟಿ ಬಿಗಿದರು. ನೀರು ಗದ್ದದಿಂದ ಇಳಿದು ದಿಂಬಿಗೆ ಹೋಯಿತು. ಬಾಗಿಲ ಕಡೆಯೇ ಕಿವಿಯಿಟ್ಟುಕೊಂಡು ಒಂದೆರಡು ಉಸಿರು ಬಿಟ್ಟರು, ಅಷ್ಟೇ. ಒಂದು ಹನಿಯೂ ಒಳಗೆ ಹೋಗಲಿಲ್ಲ, ಮಗಳೇ.

"ಮಣಿಬೆನ್ ಕರಿಯಾಕ ಬಂದಿರಬೇಕು" ಅಂದರು ಜನ. ಹಾಗೇ ಇರಬೇಕು.

ಚಿತೆಗೆ ಬೆಂಕಿಯಿಟ್ಟವನು ಯಾರು ಗೊತ್ತೇ? ಹುಲುಗಪ್ಪ. ಯಾರೂ ಹೇಳಲಿಲ್ಲ, ಅವನೇ ಬಂದು ಮೌನೇಶನ ಕೈಯಿಂದ ಕೊಳ್ಳಿ ತೆಗೆದುಕೊಂಡ. ಮರುದಿನ ಬೆಳಿಗ್ಗೆ ರೂಢಿಯಂತೆ ಮೌನೇಶ ಮೋಟಾರು ಹಾಕಿಬಿಟ್ಟ. ಹೆಂಗಸರು ಕೊಡ ಹಿಡಿದು ಹೊರಗೂ ಬಂದುಬಿಟ್ಟರು. ಆಮೇಲೆ ನೆನಪಾಗಿ ಎಲ್ಲರೂ ಹಾಗೇ ನಿಂತರು. ಮೌನೇಶ ಹೋಗಿ ಮೋಟಾರು ಆರಿಸಿದ. ಊರಲ್ಲಿ ಈಗ ಮುಂಜಾನೆ ಸದ್ದಿಲ್ಲ. ಪಂಚಾಯ್ತಿಯವರು ಸೇಟ್ರ ಮೂರ್ತಿ ನಿಲ್ಲಿಸುತ್ತೇವೆ ಅಂತಿದ್ದಾರೆ. ಎಲ್ಲಿ ನಿಲ್ಲಿಸುವುದು ಅಂದರೆ ಬೋರಿನ ಹತ್ತಿರ ಅಂದರು ಒಬ್ಬರು. ಉಳಿದವರು ನೆಲ ನೋಡಿದರು.

ಇಷ್ಟು ನಡೆದದ್ದು. ನೀನು ಬಾರದೆ ಇದ್ದದ್ದಕ್ಕೆ ಊರಲ್ಲಿ ಯಾರೂ ಒಂದು ಮಾತಾಡಿಲ್ಲ, ನೀನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಚಲೋ ಮಾಡಿದ್ಲು ಅಂತ ಅವರೇ ಅಂದರಲ್ಲ. ನಿನ್ನ ತಂಬಿಗೆಯನ್ನು ನಿನ್ನವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ ದೇವರ ಮುಂದೆ ಇಟ್ಟಿದ್ದಾಳೆ. ಯುಗಾದಿಗೆ ಬಾ. ಹೋಳಿಗೆ ಮಾಡುತ್ತಾಳಂತೆ, ಬಗ್ಗಿ ಲಟ್ಟಿಸಲು ನಾನೇ ಬೇಕಂತೆ. ಮಕ್ಕಳಿಗೆ ಪಾಠ ಚೆನ್ನಾಗಿ ಹೇಳು. ನಿನ್ನ ಕೈಯಲ್ಲಿ ಕಲಿತವರ ಬಾಳು ಬೆಳಗಲಿ, ನಿನ್ನ ದಾರಿಯ ಮುಳ್ಳು ಹೂವಾಗಲಿ ಅಂತ ಹರಸುವ,

ನಿನ್ನ ಅಪ್ಪ,
ಬೆನಕಪ್ಪ

ಮರೆತ ಮಾತು: ಮರೆತದ್ದಲ್ಲ, ಈಗ ತಿಳಿದದ್ದು. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಿ ಹರಪನಹಳ್ಳಿ ಬಸ್ಸಿನವನ ಕೈಗೆ ಕೊಡಲು ಹೊನ್ನೂರಮ್ಮನ ಚಹಾದಂಗಡಿಗೆ ಬಂದಿದ್ದೆ. ಮೇಲಿನ ಹೆಸರು ಯಾರದು ಅಂತ ಕೇಳಿದಳು. ನಿನ್ನದು ಅಂದೆ. ಅವಳು ಸ್ಟೋವು ಸಣ್ಣ ಮಾಡಿ, ಗಾಜಿನ ಭರಣಿಗಳ ಹಿಂದಿನಿಂದ ಒಂದು ಪ್ಲಾಸ್ಟಿಕ್ ಬಾಟ್ಲಿ ತೆಗೆದು ನನ್ನ ಮುಂದಿಟ್ಟಳು. "ಯಾರಿಗೂ ಹೇಳಬ್ಯಾಡಂದಿದ್ಲು. ನನಗ ತಡಕೊಳ್ಳಾಕ ಆಗವಲ್ದಣ್ಣ" ಅಂದಳು.

ಅವತ್ತು ಮಧ್ಯಾಹ್ನದ ಬಸ್ಸಿಗೆ ನೀನು ಬಂದಿದ್ದೆಯಂತೆ. ಬಗಲಲ್ಲಿ ಹರಪನಹಳ್ಳಿಯಿಂದ ತಂದ ನೀರು. ಇಷ್ಟು ದೂರ ಬಿಸಿಲಲ್ಲಿ ಕೋಲೂರಿಕೊಂಡು ಸೇಟ್ರ ಅಂಗಳದ ಚಪ್ಪಡಿಯವರೆಗೆ ಬಂದಿದ್ದೆಯಂತೆ. ಒಳಗಿನಿಂದ ನನ್ನ ದನಿ ಕೇಳಿಸಿತಂತೆ, ರೇಣುಕಾ ಬಂದಾಳ, ಎದುರಿಗೇ ನಿಂತಾಳ ಅಂತ. ನೀನು ಅಲ್ಲೇ ನಿಂತು, ತಿರುಗಿ ಬಂದೆಯಂತೆ. "ಅಲ್ಲಿ ಇನ್ನೊಬ್ಬ ರೇಣುಕಾ ಅದಾಳಕ್ಕ, ನಾ ಬ್ಯಾಡ" ಅಂದು ಬಾಟ್ಲಿ ಇವಳ ಕೈಗಿಟ್ಟು, ಮನೆಗೆ ಬಾರದೆ, ಮುಂದಿನ ಬಸ್ಸು ಹತ್ತಿದೆಯಂತೆ.

ಬಾಟ್ಲಿ ನನ್ನ ಮುಂದಿದೆ. ಮುಚ್ಚಳ ಬಿಚ್ಚಿಲ್ಲ. ಸುಮ್ಮನಿರ್ರಿ ಅಂದಿದ್ದರು ಸೇಟ್ರು. ಆ ಒಂದು ಗಳಿಗೆ ನಾನು ಸುಮ್ಮನಿದ್ದಿದ್ದರೆ ನಿನ್ನ ಹೆಜ್ಜೆಯ ಸಪ್ಪಳ ನನಗೂ ಕೇಳುತ್ತಿತ್ತು.